ಅರ್ಜಿ ಒಂದೇ, ದಾಟಬೇಕಾದ ಬಾಗಿಲು ಎರಡು

ಪ್ರಶ್ನೆ: ಬೆಲ್ಜಿಯಂನ ಕಂಪನಿಯೊಂದು ನನ್ನ ಹೆಸರಲ್ಲಿ ‘ಸಿಂಗಲ್ ಪರ್ಮಿಟ್’ ಅರ್ಜಿ ಹಾಕಿದೆ. ಅದು ಬಂದರೆ ವೀಸಾ ಬೇಕಾಗಿಲ್ಲ ಎಂದು ಏಜೆಂಟರು ಹೇಳುತ್ತಾರೆ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಲೇ?

ಉತ್ತರ: ಸದ್ಯಕ್ಕೆ ಕೊಡಬೇಡಿ. ಈ ಅರ್ಜಿಯಲ್ಲಿ ಒಂದಾಗಿರುವುದು ಕೆಲಸದ ಅನುಮತಿ ಮತ್ತು ವಾಸದ ಅನುಮತಿ ಮಾತ್ರ. ಪಾಸ್‌ಪೋರ್ಟಿಗೆ ಬೀಳುವ ‘ಡಿ’ ವೀಸಾಕ್ಕೆ (ದೀರ್ಘ ವಾಸದ ವೀಸಾ) ಆಮೇಲೆ ಬೇರೆಯೇ ಅರ್ಜಿ ಹಾಕಬೇಕು.

ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಿಂದ ಬಂದ ವ್ಯವಸ್ಥೆ ಇದು. ಜಾರಿಗೆ ತರಲು 2013ರ ಡಿಸೆಂಬರ್ ಗಡುವಿತ್ತು. ಬೆಲ್ಜಿಯಂ ತಂದದ್ದು 2019ರ ಜನವರಿಯಲ್ಲಿ. ಅಲ್ಲಿ ಕೆಲಸದ ವಿಷಯ ಪ್ರಾದೇಶಿಕ ಸರ್ಕಾರಗಳ ಕೈಯಲ್ಲಿದ್ದರೆ ವಾಸದ ವಿಷಯ ಕೇಂದ್ರದ ವಲಸೆ ಕಚೇರಿಯ ಕೈಯಲ್ಲಿದೆ. ಅಷ್ಟು ತಡವಾದದ್ದು ಇವೆರಡನ್ನು ಹೊಂದಿಸುವಷ್ಟರಲ್ಲಿ.

ನಿಮ್ಮ ಫೈಲು ಸಾಗುವ ದಾರಿಯೂ ಹಾಗೆಯೇ. ಕಂಪನಿ ಆನ್‌ಲೈನ್‌ನಲ್ಲಿ ಸಲ್ಲಿಸಿದ ಅರ್ಜಿಯನ್ನು ಮೊದಲು ಪ್ರಾದೇಶಿಕ ಕಚೇರಿ ನೋಡುತ್ತದೆ. ಏನಾದರೂ ಕಡಿಮೆ ಇದ್ದರೆ ಪೂರೈಸಲು 15 ದಿನ ಕೊಡುತ್ತಾರೆ. ಪ್ರದೇಶವೇ ತಿರಸ್ಕರಿಸಿದರೆ ಕಥೆ ಅಲ್ಲಿಗೆ ಮುಗಿಯಿತು. ಎರಡೂ ಕಡೆ ಒಪ್ಪಿದ ಮೇಲೆ ‘ಅನೆಕ್ಸ್ 46’ ಎಂಬ ಪತ್ರ ಹೊರಡುತ್ತದೆ. ಅದನ್ನು ಹಿಡಿದು ವೀಸಾಕ್ಕೆ ಹೋಗಬೇಕು. ಬೆಲ್ಜಿಯಂನಲ್ಲಿ ಇಳಿದ 8 ಕೆಲಸದ ದಿನಗಳೊಳಗೆ ಸ್ಥಳೀಯ ಪುರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ನೀವು ಹೇಳಿದ ವಿಳಾಸದಲ್ಲೇ ಇದ್ದೀರಾ ಎಂಬ ತನಿಖೆ ಮುಗಿದು ಕಾರ್ಡ್ ಬರುವವರೆಗೆ ‘ಅನೆಕ್ಸ್ 49’ ಎಂಬ ತಾತ್ಕಾಲಿಕ ಪತ್ರ ಇಟ್ಟುಕೊಂಡು ಕೆಲಸ ಮಾಡಬಹುದು.

ಫೈಲು ಬಾಗಿಲಲ್ಲೇ ಬೀಳುವುದಕ್ಕೆ ಒಂದು ಸಣ್ಣ ಕಾರಣವೂ ಸಾಕು. ವಲಸೆ ಕಚೇರಿಯ ಶುಲ್ಕ ಕಟ್ಟಿದ ಪುರಾವೆ ಇಲ್ಲದಿದ್ದರೆ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ಹಣ ಕಂಪನಿ ಕಟ್ಟಿದರೂ ಪಾವತಿಯ ವಿವರದಲ್ಲಿ ನಿಮ್ಮ ಹೆಸರು, ರಾಷ್ಟ್ರೀಯತೆ, ಜನ್ಮದಿನಾಂಕ ಇರಬೇಕು. ಬರೀ ಇನ್‌ವಾಯ್ಸ್ ಸಂಖ್ಯೆ ಬರೆದರೆ ಯಾರ ಹಣವೆಂದು ಗೊತ್ತಾಗುವುದಿಲ್ಲ. ರಸೀದಿಯ ಪ್ರತಿ ಕೇಳಿ ಪಡೆಯಿರಿ. ರಾಜೀನಾಮೆ ಪತ್ರ ಮಾತ್ರ ವೀಸಾ ಕೈಗೆ ಬಂದ ಮೇಲೆ.

ಪ್ರಶ್ನೆ: ಜರ್ಮನಿಗೆ ಹೋಗಲು ಮೊದಲು ವರ್ಕ್ ಪರ್ಮಿಟ್ ತರಿಸಿಕೊಡುತ್ತೇವೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. 2005ರಿಂದ ಜರ್ಮನಿಯಲ್ಲಿ ನೀವು ಬೇರೆಯಾಗಿ ಪಡೆಯಬೇಕಾದ ವರ್ಕ್ ಪರ್ಮಿಟ್ ಎಂಬುದೇ ಇಲ್ಲ. ಅರ್ಜಿ ಹಾಕುವುದು ವೀಸಾಕ್ಕೆ. ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕಾದ ಕಡೆ ಕಚೇರಿಯವರೇ ಒಳಗೊಳಗೆ ಕೇಳಿಕೊಳ್ಳುತ್ತಾರೆ. ರಾಷ್ಟ್ರೀಯ ವೀಸಾ ಶುಲ್ಕ 75 ಯೂರೊ.

ಅವಸರವಿದ್ದರೆ ಕಾನೂನುಬದ್ಧ ತ್ವರಿತ ಮಾರ್ಗವೇ ಇದೆ. ನಿಮ್ಮಿಂದ ಅಧಿಕಾರಪತ್ರ ಪಡೆದು ಉದ್ಯೋಗದಾತರೇ ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ಶುರು ಮಾಡುತ್ತಾರೆ. ಉದ್ಯೋಗ ಇಲಾಖೆ ಒಂದು ವಾರದಲ್ಲಿ ಉತ್ತರ ಕೊಡದಿದ್ದರೆ ಒಪ್ಪಿದಂತೆಯೇ. ಪೂರ್ವಾನುಮತಿ ಬಂದ ಮೇಲೆ ವೀಸಾ ಸಂದರ್ಶನದ ದಿನ ಮೂರು ವಾರದೊಳಗೆ ಸಿಗುತ್ತದೆ. ಪದವಿಯ ಮಾನ್ಯತೆ ಬಾಕಿ ಇದ್ದರೆ ಮಾತ್ರ ತಿಂಗಳುಗಳ ಲೆಕ್ಕ.

ಇಲ್ಲಿ ಎಡವುವುದು ಬಹಳ ಸಲ ಅಂಕಿಗಳಲ್ಲಿ. ಉದ್ಯೋಗದಾತರು ತುಂಬುವ ‘ಉದ್ಯೋಗ ಸಂಬಂಧದ ಘೋಷಣೆ’ ನಮೂನೆಯಲ್ಲಿ ವಾರಕ್ಕೆ 40 ಗಂಟೆ, ಒಪ್ಪಂದದಲ್ಲಿ 38. ಒಂದರಲ್ಲಿ ಬೋನಸ್ ಸೇರಿಸಿದ ಸಂಬಳ, ಇನ್ನೊಂದರಲ್ಲಿ ಸೇರಿಸದ್ದು. ಎರಡು ಕಚೇರಿಗಳು ಒಂದೇ ಫೈಲನ್ನು ಓದುವಾಗ ಇಂಥದ್ದು ಕಣ್ಣಿಗೆ ಬೀಳದೆ ಇರುವುದಿಲ್ಲ. ಗಂಟೆ, ಸಂಬಳ, ರಜೆ, ಕೆಲಸದ ಸ್ಥಳ: ಸಹಿ ಹಾಕುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಪ್ರಶ್ನೆ: ಐರ್ಲೆಂಡಿಗೆ ಪರ್ಮಿಟ್ ಮತ್ತು ವೀಸಾ ಅರ್ಜಿಗಳನ್ನು ಒಟ್ಟಿಗೇ ಹಾಕಿದರೆ ಸಮಯ ಉಳಿಯುತ್ತದಲ್ಲವೇ?

ಉತ್ತರ: ಐರ್ಲೆಂಡ್ ಸಿಂಗಲ್ ಪರ್ಮಿಟ್ ತಂದ ಆ 2011ರ ಐರೋಪ್ಯ ನಿರ್ದೇಶನದಿಂದ ಹೊರಗುಳಿದ ದೇಶ. ಅಲ್ಲಿ ಮೊದಲು ಉದ್ಯೋಗ ಪರ್ಮಿಟ್. ಅದರ ಪ್ರತಿ ಲಗತ್ತಿಸಿಯೇ ವೀಸಾ ಅರ್ಜಿ ಹಾಕಬೇಕು. ಪರ್ಮಿಟ್ ಅರ್ಜಿ ಕೆಲಸಕ್ಕೆ ಸೇರುವ ದಿನಕ್ಕಿಂತ ಕನಿಷ್ಠ 12 ವಾರ ಮೊದಲು ಹೋಗಿರಬೇಕು. ಎರಡು ವರ್ಷದ ಪರ್ಮಿಟ್‌ಗೆ 1,000 ಯೂರೊ; ತಿರಸ್ಕೃತವಾದರೆ 90 ಶೇಕಡಾ ವಾಪಸು ಬರುತ್ತದೆ. ವೀಸಾ ಶುಲ್ಕ ಬರುವುದಿಲ್ಲ. ಹೋದ ಮೇಲೆ ನೋಂದಣಿಗೆ ಮತ್ತೆ 300 ಯೂರೊ ಎತ್ತಿಟ್ಟಿರಿ.

ಪ್ರಶ್ನೆ: ಸಿಂಗಲ್ ಪರ್ಮಿಟ್‌ನಲ್ಲಿ ಇರುವಾಗ ಕೆಲಸ ಹೋದರೆ ಕೂಡಲೇ ದೇಶ ಬಿಡಬೇಕೇ?

ಉತ್ತರ: 2024ರ ಪರಿಷ್ಕೃತ ನಿರ್ದೇಶನದ ಪ್ರಕಾರ ಹೊಸ ಕೆಲಸ ಹುಡುಕಲು ಕನಿಷ್ಠ 3 ತಿಂಗಳು ಸಿಗಬೇಕು, ಪರ್ಮಿಟ್ ಸಿಕ್ಕಿ ಎರಡು ವರ್ಷ ದಾಟಿದ್ದರೆ 6 ತಿಂಗಳು. ಅರ್ಜಿಯ ತೀರ್ಮಾನಕ್ಕಿದ್ದ 4 ತಿಂಗಳ ಗಡುವನ್ನೂ ಅದು 90 ದಿನಕ್ಕೆ ಇಳಿಸಿದೆ. ಸದಸ್ಯ ರಾಷ್ಟ್ರಗಳು ಇದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಮೇ 21. ಆದ್ದರಿಂದ ನೀವಿರುವ ದೇಶ ಅದನ್ನು ಜಾರಿಗೆ ತಂದಿದೆಯೇ ಎಂದು ನೋಡಿಕೊಂಡು, ಕೆಲಸ ಹೋದ ಸುದ್ದಿಯನ್ನು ಕಚೇರಿಗೆ ಬರವಣಿಗೆಯಲ್ಲೇ ತಿಳಿಸಿ.