ಲಾಸ್ ವೇಗಸ್‌ನ ಆ ಪುಟ್ಟ ಬಿಳಿ ಚಾಪೆಲ್‌ನಲ್ಲಿ ತಾರೆಯರು ಯಾಕೆ ಮದುವೆಯಾಗುತ್ತಾರೆ?

ನೀವು ಕೇಳಿದ್ದು 'ಎ ಲಿಟಲ್ ವೈಟ್ ವೆಡ್ಡಿಂಗ್ ಚಾಪೆಲ್' ಎಂಬ ಪುಟ್ಟ ಮದುವೆ ಮಂದಿರದ ಬಗ್ಗೆ. ನಿಜ ಹೇಳಬೇಕೆಂದರೆ ಮುಖ್ಯ ಕಾರಣ ಚಾಪೆಲ್ ಅಲ್ಲ, ಲಾಸ್ ವೇಗಸ್ ಇರುವ ಅಮೆರಿಕದ ನೆವಾಡಾ ರಾಜ್ಯದ ಕಾನೂನು. ಅಲ್ಲಿ ಮದುವೆ ಲೈಸೆನ್ಸ್‌ಗೆ, ಅಂದರೆ ಮದುವೆಗೆ ಮುನ್ನ ಪಡೆಯಬೇಕಾದ ಸರ್ಕಾರಿ ಅನುಮತಿಗೆ, ದಿನಗಟ್ಟಲೆ ಕಾಯಬೇಕಿಲ್ಲ. ಲೈಸೆನ್ಸ್ ಕಚೇರಿ ಮಧ್ಯರಾತ್ರಿವರೆಗೂ ತೆರೆದಿರುತ್ತದೆ. ಮನಸ್ಸಾಯಿತು, ಹೋದರು, ಆಯಿತು!

ಚಾಪೆಲ್ ಶುರುವಾಗಿದ್ದು 1951ರಲ್ಲಿ. ಅದನ್ನು ಮನೆಮಾತಾಗಿಸಿದ್ದು ಮುಂದೆ ಅದರ ಒಡತಿಯಾದ ಷಾರ್ಲೆಟ್ ರಿಚರ್ಡ್ಸ್. ನನಗೆ ತುಂಬಾ ಇಷ್ಟವಾದ ಕಥೆ ಅವರದ್ದೇ. ಅಂಗವೈಕಲ್ಯವಿದ್ದವರೊಬ್ಬರು ಮದುವೆಗೆಂದು ಬಂದು ಕಾರಿನಿಂದ ಇಳಿಯಲು ಒದ್ದಾಡುತ್ತಿದ್ದುದನ್ನು ಆಕೆ ನೋಡಿದರು. ಇಳಿಯೋದೇ ಯಾಕೆ ಅನ್ನಿಸಿ, 1991ರಲ್ಲಿ ಒಂದು ಕಿಟಕಿ ಮಾಡಿಸಿದರು. ಕಾರಿನಲ್ಲೇ ಕೂತು ಮದುವೆಯಾಗಬಹುದು! ಆಮೇಲೆ ಕಿಟಕಿ ಮುಂದಿನ ಕಾರು ದಾರಿಗೆ ಚಾವಣಿಯೂ ಬಂತು. ತಲೆಯೆತ್ತಿದರೆ ಬಣ್ಣದ ನಕ್ಷತ್ರಗಳು, ರೆಕ್ಕೆಯ ಪುಟಾಣಿ ದೇವತೆಗಳು.

ತಾರೆಯರ ಪಟ್ಟಿ ಉದ್ದವಿದೆ. ನಟಿ ಜೋನ್ ಕಾಲಿನ್ಸ್ 1985ರಲ್ಲಿ, ಬಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ 1989ರಲ್ಲಿ ಇಲ್ಲೇ ಮದುವೆಯಾದರು. ಜಾಸ್ತಿ ಸುದ್ದಿಯಾಗಿದ್ದು 2004ರ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಮದುವೆ. ಜೀನ್ಸ್, ತಲೆಗೆ ಕ್ಯಾಪ್ ಹಾಕಿಕೊಂಡೇ ಬಾಲ್ಯದ ಗೆಳೆಯನನ್ನು ವರಿಸಿದರು. 55 ಗಂಟೆಯಲ್ಲಿ ಮದುವೆ ರದ್ದು!

2022ರ ಜುಲೈನಲ್ಲಿ ಗಾಯಕಿ, ನಟಿ ಜೆನಿಫರ್ ಲೋಪೆಜ್ ಮತ್ತು ನಟ ಬೆನ್ ಅಫ್ಲೆಕ್ ಬಂದರು. ಲೈಸೆನ್ಸ್‌ಗೆ ಬೇರೆ ಜೋಡಿಗಳ ಜೊತೆ ಕ್ಯೂ ನಿಂತು, ಮಧ್ಯರಾತ್ರಿ ಹೊತ್ತಿಗೆ ಚಾಪೆಲ್ ತಲುಪಿದರಂತೆ. ಇವರಿಗಾಗಿ ಅಲ್ಲಿನವರು ಬಾಗಿಲು ಹಾಕದೆ ಕಾದಿದ್ದರು.