ಕಾರ್-ಟಿಗಾಗಿ ಕೀಮೋ ನಿಲ್ಲಿಸಬೇಡಿ

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಕೀಮೋ ಬಿಟ್ಟು ಜೀನ್ ಥೆರಪಿಗೆ ಕಾಯೋಣವೇ ಅಂತ ಕೇಳಿದ್ದೀರಿ. ಕಾಯಬೇಡಿ.

ಪೇಪರಿನಲ್ಲಿ ಓದಿದ ಆ ಜೀನ್ ಥೆರಪಿ, ಅಂದರೆ ರೋಗಿಯದೇ ರಕ್ಷಣಾ ಕೋಶಗಳನ್ನು ಬದಲಿಸಿ ಕ್ಯಾನ್ಸರ್ ಮೇಲೆ ಬಿಡೋ ಕಾರ್-ಟಿ, ಸುಳ್ಳಲ್ಲ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲೇ ಅನುಮತಿ ಸಿಕ್ಕಿದೆ, ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿಯದ್ದೂ ಒಂದಿದೆ. ಆದರೆ ಎರಡೂ ರಕ್ತದ ಕ್ಯಾನ್ಸರ್‌ಗೆ.

ಯಾಕೆ ಅಂದರೆ, ರೋಗಿಯ ರಕ್ತವನ್ನು ಮೆಷಿನ್‌ಗೆ ಹಾಯಿಸಿ ಬಿಳಿ ರಕ್ತಕಣ ಮಾತ್ರ ಹಿಡಿದಿಟ್ಟುಕೊಂಡು ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತಾರೆ, ಆಮೇಲೆ ಲ್ಯಾಬ್‌ನಲ್ಲಿ ಪಳಗಿಸಿದ ವೈರಸ್ ಮೂಲಕ ಅದರಲ್ಲಿನ ಟಿ-ಕೋಶ ಅನ್ನೋ ಕಾವಲು ಕಣಗಳೊಳಗೆ ಹೊಸ ಜೀನ್ ತೂರಿಸುತ್ತಾರೆ. ಮೈಗೆ ಮರಳಿದ ಆ ಕೋಶಗಳು ಸಿಡಿ19 ಅನ್ನೋ ಗುರುತು ಕಂಡಲ್ಲೆಲ್ಲ ಮುಗಿಬೀಳುತ್ತವೆ. ಆ ಗುರುತು ಇರೋದು ಬಿ-ಕೋಶ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಮೇಲೆ, ಈ ಚಿಕಿತ್ಸೆ ಕೊಡೋ ರಕ್ತದ ಕ್ಯಾನ್ಸರ್ ಹುಟ್ಟೋದೂ ಅವುಗಳಲ್ಲೇ. ಒಳ್ಳೆ ಬಿ-ಕೋಶಗಳೂ ಜೊತೆಗೆ ಸಾಯುತ್ತವೆ, ಆದರೂ ಮನುಷ್ಯ ಹೇಗೋ ನಿಭಾಯಿಸುತ್ತಾನೆ. ಶ್ವಾಸಕೋಶದ ಗೆಡ್ಡೆಯ ಗುರುತುಗಳು ಹಾಗಲ್ಲ, ಬೇರೆ ಅಂಗಗಳ ಒಳ್ಳೆ ಕೋಶಗಳ ಮೇಲೂ ಇರುತ್ತವೆ, ಅಲ್ಲೇ ಎಡವಟ್ಟು. ಗೆಡ್ಡೆಯೊಳಗೆ ನುಗ್ಗೋದೂ ಕಷ್ಟ, ನುಗ್ಗಿದರೂ ಟಿ-ಕೋಶಗಳು ಬೇಗ ಸುಸ್ತಾಗುತ್ತವೆ.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. 2024ರಲ್ಲಿ ಅಮೆರಿಕದಲ್ಲಿ ಸೈನೋವಿಯಲ್ ಸಾರ್ಕೋಮಾ ಅನ್ನೋ ಅಪರೂಪದ ಗೆಡ್ಡೆಗೆ ಇದೇ ಜಾತಿಯ ಚಿಕಿತ್ಸೆಗೆ ಅನುಮತಿ ಕೊಟ್ಟರು. ಶ್ವಾಸಕೋಶದ್ದು ಇನ್ನೂ ಪ್ರಯೋಗದ ಹಂತ.

ಸದ್ಯಕ್ಕೆ ಇದಕ್ಕಿಂತ ಜಾಸ್ತಿ ಉಪಯೋಗದ ಪ್ರಶ್ನೆ ಬೇರೆ ಇದೆ: ಬಯಾಪ್ಸಿ ಸ್ಯಾಂಪಲ್‌ನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್‌ಗಳ ಟೆಸ್ಟ್ ಮಾಡಿಸಿದ್ದಾರಾ? ಅವುಗಳಲ್ಲಿ ಕ್ಯಾನ್ಸರ್ ಬೆಳೆಸೋ ಬದಲಾವಣೆ ಸಿಕ್ಕರೆ ದಿನಾ ನುಂಗೋ ಮಾತ್ರೆಯೇ ಇದೆ. ನಾಳೆ ಡಾಕ್ಟರ್ ಹತ್ತಿರ ಫೈಲ್ ಹಿಡಿದು ಮೊದಲು ಅದನ್ನೇ ಕೇಳಿ.