ಬೋರ್ ಬತ್ತಿದೆ. ಇನ್ನೂ ಆಳ ಕೊರೆಸಬೇಕಾ, ಬೇರೆ ಪಾಯಿಂಟ್ ನೋಡಿಸಬೇಕಾ?

ಎರಡೂ ಬೇಡ. ಪಕ್ಕದವರು 800 ಅಡಿ ಕೊರೆಸಿದ ಮೇಲೆ ನಿಮ್ಮ 400 ಅಡಿಯ ಬೋರ್ ಬತ್ತಿತು ಅಂತ ಬರೆದಿದ್ದೀರಿ. 2016ರಲ್ಲಿ ಆ ಪಕ್ಕದವನ ಜಾಗದಲ್ಲಿ ನಾನೇ ಇದ್ದೆ.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ನಿಂಬೆ ತೋಟ. ಅಜ್ಜ ತೋಡಿಸಿದ 60 ಅಡಿಯ ಭಾವಿಯಲ್ಲಿ ನಮಗೂ ಕಾಕಾನಿಗೂ ಸಮಪಾಲು. ಮೂರು ದಿನ ನಮ್ಮ ಪಾಳಿ, ಮೂರು ದಿನ ಅವರದು. ಸೋಮವಾರ ಯಾರದೂ ಅಲ್ಲ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ ನೋಡಿ. ಎತ್ತು ಕಟ್ಟಿ ನೀರೆತ್ತುವ ಕಾಲದಲ್ಲಿ ಆ ದಿನ ಭಾವಿ ಸುಮ್ನೆ ಇರುತ್ತಿತ್ತು, ಸೆಲೆಯಿಂದ ತುಂಬಿಕೊಳ್ಳುತ್ತಿತ್ತು. ಮೋಟಾರ್ ಬಂದ ಮೇಲೂ ಅಪ್ಪ ಅದನ್ನು ಮುರಿಯಲಿಲ್ಲ. ಮುರಿದವನು ನಾನು. ಆಟೋ ಸ್ಟಾರ್ಟರ್ ಹಾಕಿಸಿದೆ. ಥ್ರೀ ಫೇಸ್ ಕರೆಂಟ್ ಬಂದ ತಕ್ಷಣ ಮೋಟಾರ್ ಶುರು, ಹೋದಾಗ ಬಂದ್. 10 ಎಚ್‌ಪಿ ತನಕ ಕರೆಂಟ್ ಬಿಲ್ ಇಲ್ಲ, ಹಾಗಾಗಿ ಎಷ್ಟು ಸೇದಿದೆ ಅಂತ ಲೆಕ್ಕ ಇಡುವವರೂ ಇಲ್ಲ.

ನಿಂಬೆಗೆ ರೇಟು ಸಿಗುವುದು ಬೇಸಿಗೆಯಲ್ಲಿ. ಅದಕ್ಕೇ ಗಿಡಕ್ಕೆ ನೀರು ನಿಲ್ಲಿಸಿ, ಸೊರಗಿಸಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂ ಬಿಡಿಸುತ್ತೇವೆ. ಏಪ್ರಿಲ್-ಮೇಗೆ ಕಾಯಿ ಬರಬೇಕು ಅಂದರೆ ನೆತ್ತಿ ಸುಡುವ ಬಿಸಿಲಲ್ಲೂ ನೀರು ಕೊಡಲೇಬೇಕು. ಊರಿಗೆ ಊರೇ ಅದೇ ತಿಂಗಳು, ಅದೇ ನೆಲದಿಂದ ಸೇದುತ್ತದೆ.

2016ರಲ್ಲಿ ಬರ. ಮಾರ್ಚ್‌ಗೆ ಭಾವಿಯಲ್ಲಿ ಒಂದು ತಾಸಿನ ನೀರು ಉಳಿದಿತ್ತು. ಕಾಕಾನಿಗೆ ಒಂದು ಮಾತು ಹೇಳದೆ ರಾತ್ರಿ ಬೋರ್ ಗಾಡಿ ತರಿಸಿದೆ. ಭಾವಿಯಿಂದ 90 ಅಡಿ ದೂರದಲ್ಲಿ ಪಾಯಿಂಟ್. 620 ಅಡಿಗೆ ಎರಡು ಇಂಚು ನೀರು ಬಿತ್ತು. ತೆಂಗಿನಕಾಯಿ ಒಡೆದೆವು.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಭಾವಿಯದು ಮೇಲಿನ ನೀರು, ನನ್ನದು ಕೆಳಗಿನ ನೀರು, ಒಂದಕ್ಕೊಂದು ಸಂಬಂಧವಿಲ್ಲ ಅಂತ ನಾನು ನಂಬಿದ್ದೆ. ನಮ್ಮ ಕಡೆ ಮೇಲೆ ಮಣ್ಣು, ಆಮೇಲೆ ಗರಸು, ಅಂದರೆ ಪುಡಿಯಾದ ಸಡಿಲ ಕಲ್ಲು, ಅದರ ಕೆಳಗೆ ಕರಿಕಲ್ಲು. ನೀರು ಹೆಚ್ಚಾಗಿ ನಿಲ್ಲುವುದು ಗರಸಿನಲ್ಲಿ, ಕಲ್ಲಿನ ಬಿರುಕುಗಳಲ್ಲಿ. ನಮ್ಮ ಭಾವಿಯ ಸೆಲೆ ಇದ್ದದ್ದು 50 ಅಡಿಯ ಹತ್ತಿರ. ಗಾಡಿಯವನು 'ಇನ್ನೆರಡು ಪೈಪ್ ಇಳಿಸೋಣ' ಅಂದಿದ್ದ. ದುಡ್ಡು ಉಳಿಯುತ್ತದೆ ಅಂತ ನಾನು 40 ಅಡಿಗೇ ಕೇಸಿಂಗ್, ಅಂದರೆ ಬೋರ್‌ನ ಗೋಡೆಗೆ ಇಳಿಸುವ ಪೈಪ್, ನಿಲ್ಲಿಸಿದೆ. ಕೇಸಿಂಗ್ ಮುಗಿದ ಜಾಗದಿಂದ ಹತ್ತು ಅಡಿ ಕೆಳಗೆ ಸೆಲೆಯ ಬಾಯಿ ತೆರೆದೇ ಉಳಿಯಿತು. ಭಾವಿಗೆ ಹೋಗಬೇಕಾದ ನೀರು ಬೋರ್‌ನ ಹೊಟ್ಟೆಗೆ ಇಳಿಯತೊಡಗಿತು. ನಾನು ಮೋಟಾರ್ ಹಾಕಿದರೂ ಇಳಿಯುತ್ತಿತ್ತು, ಹಾಕದಿದ್ದರೂ ಇಳಿಯುತ್ತಿತ್ತು.

ಗೊತ್ತಾದದ್ದು ಒಂದು ರಾತ್ರಿ. ಕರೆಂಟ್ ಇರಲಿಲ್ಲ, ಮೋಟಾರ್ ಬಂದ್ ಇತ್ತು. ಬೋರ್‌ನ ಬಾಯಿಗೆ ಕಿವಿ ಇಟ್ಟೆ. ಒಳಗೆ ನೀರು ಬೀಳುವ ಸದ್ದು. ಕೊಡಕ್ಕೆ ನಳ ಬಿಟ್ಟ ಹಾಗೆ, ಎಡೆಬಿಡದೆ. ಮೈ ಜುಂ ಅಂದಿತು. ಬೆಳಿಗ್ಗೆ ಹೋಗಿ ನೋಡಿದರೆ ಭಾವಿಯ ತಳದಲ್ಲಿ ಕೆಸರು ಬಿರುಕು ಬಿಟ್ಟಿತ್ತು. ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು. ಬೈಯಲಿಲ್ಲ. 'ತಮ್ಮಾ, ನನ್ನ ಪಾಳಿ ಇನ್ನ ಯಾವಾಗ ಬರ್ತೈತಿ, ಅದಷ್ಟ ಹೇಳಿಬಿಡು' ಅಂದರು. ಆ ಬೇಸಿಗೆ ಅವರ 130 ಗಿಡ ಒಣಗಿದವು. ಹನ್ನೆರಡು ವರ್ಷದ ಗಿಡಗಳು. ನಾನು ಟ್ಯಾಂಕರ್ ತರಿಸಿಕೊಟ್ಟೆ, ಸಾಕಾಗಲಿಲ್ಲ. ಮುಂದಿನ ಬೇಸಿಗೆಗೆ ನನ್ನ ಬೋರೂ ಗಾಳಿ ಉಗುಳಿತು. ಜಲ್ಲಿ, ಸಿಮೆಂಟ್ ತುಂಬಿಸಿ ಅದನ್ನು ಮುಚ್ಚಿಸಿದೆ.

1000 ಅಡಿಗೆ ಹೋದರೆ ನಿಮಗೆ ನೀರು ಸಿಕ್ಕರೂ ಸಿಗಬಹುದು. ಆದರೆ ಅಷ್ಟು ಆಳಕ್ಕೆ ಮಳೆ ನೀರು ಬೇಗ ಇಳಿಯುವುದಿಲ್ಲ. ಎರಡು-ಮೂರು ಬೇಸಿಗೆಗೆ ಖಾಲಿ ಮಾಡುತ್ತೀರಿ, ಆಗ ಪಕ್ಕದವರು 1200ಕ್ಕೆ ಗಾಡಿ ಕರೆಸುತ್ತಾರೆ. ಪಾಯಿಂಟ್ ಬದಲಿಸಿದರೂ ಇದೇ ಕಥೆ. ಹನಿ ನೀರಾವರಿ ಮಾಡಿ ಅಂತಲೂ ಹೇಳುತ್ತಾರೆ. ಮಾಡಿ, ಒಳ್ಳೆಯದೇ. ನನ್ನ ತೋಟದಲ್ಲೂ ಡ್ರಿಪ್ ಇತ್ತು. ಉಳಿದ ನೀರಿಗೆ ಇನ್ನೊಂದು ಎಕರೆ ಹಚ್ಚಿದೆ, ಅಷ್ಟೇ.

ಮಹಾರಾಷ್ಟ್ರದ ಅಹಿಲ್ಯಾನಗರ (ಮೊದಲಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ಅನ್ನುವ ಹಳ್ಳಿಯ ಹೆಸರು ಕೇಳಿರುತ್ತೀರಿ. ಅಲ್ಲಿ ಹೊಲಕ್ಕೆ ಬೋರ್ ಕೊರೆಸುವಂತಿಲ್ಲ, ಕಬ್ಬಿಲ್ಲ, ಬಾಳೆ ಇಲ್ಲ. ಮಳೆಗಾಲ ಮುಗಿದ ಮೇಲೆ ಎಷ್ಟು ನೀರಿದೆ ಅಂತ ಊರೇ ಕೂತು ಲೆಕ್ಕ ಹಾಕಿ, ಆಮೇಲೆ ಬೆಳೆ ನಿರ್ಧರಿಸುತ್ತದೆ. ನಾವು ಅಷ್ಟು ದೊಡ್ಡದು ಮಾಡಿಲ್ಲ. ಆರು ಮನೆ ಸೇರಿದ್ದೇವೆ. ಮಳೆಗಾಲ ಮುಗಿಯುವ ಹೊತ್ತಿಗೆ, ಹೂ ಬಿಡಿಸುವ ಮೊದಲು, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಭಾವಿಗೆ ಬಿಡುತ್ತೇವೆ. ಎಷ್ಟು ಗಂಟು ನೆನೆಯಿತು ಅನ್ನುವುದರ ಮೇಲೆ ಯಾರು ಎಷ್ಟು ಗಿಡಕ್ಕೆ ಹೂ ಬಿಡಿಸಬೇಕು ಅಂತ ಗೊತ್ತು ಮಾಡುತ್ತೇವೆ. ಸೋಮವಾರ ಎಲ್ಲ ಮೋಟಾರೂ ಬಂದ್. ಹಗ್ಗ ಕಾಕಾನ ಕೈಯಲ್ಲಿರುತ್ತದೆ.

ನೀವು ಇವತ್ತೇ ಗಾಡಿಯವನಿಗೆ ಫೋನ್ ಮಾಡಬೇಡಿ. ಮೊದಲು ಪಕ್ಕದವರ ಮನೆಗೆ ಹೋಗಿ. ಅವರ ಕೇಸಿಂಗ್ ಎಷ್ಟು ಅಡಿ ಇಳಿದಿದೆ ಅಂತ ಕೇಳಿ, ಬೋರ್ ಬಿಲ್ಲಿನಲ್ಲಿ ಬರೆದಿರುತ್ತದೆ. ಆಮೇಲೆ ರಾತ್ರಿ, ಮೋಟಾರ್ ನಿಂತಾಗ, ಇಬ್ಬರೂ ಸೇರಿ ಆ ಬೋರ್‌ಗೆ ಕಿವಿ ಕೊಟ್ಟು ಕೇಳಿ.